ಶಾಕ್ ಹೋಗಿಲ್ಲ, ಸ್ಪ್ರಿಂಗ್ ಕೂತಿದೆ

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಸೀಮೆಯಲ್ಲಿ ಹಳೇ ಸ್ಪ್ಲೆಂಡರ್ ಹಿಂದೆ ಕೂತಿದೆ ಎಂದರೆ ರೋಗವೂ ಎಲ್ಲರಿಗೂ ಗೊತ್ತು, ಮದ್ದೂ ಗೊತ್ತು. 'ಶಾಕ್ ಹೋಗಿದೆ ಅಣ್ಣ, ಜೊತೆ ಬದಲಾಯ್ಸಿಬಿಡಿ.' ಮೆಕ್ಯಾನಿಕ್ ಹೇಳುವುದೂ ಇದನ್ನೇ, ತೋಟದಿಂದ ಕಾಯಿ ಹೇರಿಕೊಂಡು ಚೇಳೂರಿಗೆ ಹೊರಟವನು ಹೇಳುವುದೂ ಇದನ್ನೇ. ಹೊಸ ಜೊತೆ ಹಾಕಿದ ಮೇಲೆ ಗಾಡಿ ಎದ್ದು ನಿಲ್ಲುತ್ತದೆ, ಮಾತು ರುಜುವಾತಾಯಿತು ಅಂತ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಗಾಡಿಯನ್ನು ಎಬ್ಬಿಸಿದ್ದು ಆ ಜೊತೆಯ ಮೇಲಿದ್ದ ಹೊಸ ಸ್ಪ್ರಿಂಗು ಮಾತ್ರ. ಒಳಗಿನ ಶಾಕಿಗೆ ಕೊಟ್ಟ ದುಡ್ಡಿಗೂ ಎತ್ತರಕ್ಕೂ ಹೆಚ್ಚು ಸಂಬಂಧವಿಲ್ಲ.

ನಂಬಿಕೆಯಿಲ್ಲದವರು ಹಳೇ ಮಾದರಿಯ ಆಯಿಲ್ ಶಾಕ್ ಒಂದರ ಸ್ಪ್ರಿಂಗ್ ತೆಗೆಸಿ, ಬರೀ ರಾಡನ್ನು ಅಂಗೈಯಿಂದ ಒತ್ತಿ ನೋಡಲಿ. ನಿಧಾನವಾಗಿ ಒತ್ತಿದರೆ ಮಗುವಿನ ಕೈಗೂ ಕೆಳಗಿಳಿಯುತ್ತದೆ, ಇಳಿದಲ್ಲೇ ನಿಲ್ಲುತ್ತದೆ. ಜೋರಾಗಿ ಒತ್ತಿದರೆ ಮಾತ್ರ ತಡೆಯುತ್ತದೆ. ಒಳಗಿನ ಆಯಿಲ್ ಸಣ್ಣ ತೂತುಗಳಲ್ಲಿ ನುಗ್ಗಬೇಕಾದ್ದರಿಂದ ಅದು ವೇಗಕ್ಕೆ ಅಡ್ಡ ನಿಲ್ಲುತ್ತದೆ, ಭಾರಕ್ಕಲ್ಲ. ಗ್ಯಾಸ್ ಶಾಕಿನಲ್ಲಿ ಗ್ಯಾಸ್ ಒತ್ತಡ ರಾಡನ್ನು ಮೇಲಕ್ಕೆ ತಳ್ಳುವುದುಂಟು, ಆದರೆ ಸ್ಪ್ರಿಂಗಿನ ಮುಂದೆ ಆ ಬಲ ಅಲ್ಪ. ನಿಂತ ಗಾಡಿಯನ್ನು ಎತ್ತಿ ಹಿಡಿದಿರುವುದು ಹೊರಗಿನ ಸ್ಪ್ರಿಂಗು. ಶಾಕ್ ಸೋರಿ ಸತ್ತಿದ್ದರೆ ಅದರ ಲಕ್ಷಣ ಬೇರೆ: ಹಿಂದಿನ ಸೀಟನ್ನು ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಎದ್ದು ನಿಲ್ಲುವ ಬದಲು ಎರಡು ಮೂರು ಸಲ ಕುಣಿಯುತ್ತದೆ, ರಾಡಿನ ಮೇಲೆ ಆಯಿಲ್ ಪಸೆ ಕಟ್ಟಿ ಧೂಳು ಮೆತ್ತಿರುತ್ತದೆ. ಅಂಥ ಶಾಕ್ ಬದಲಾಯಿಸಲೇಬೇಕು, ತಕರಾರಿಲ್ಲ. ಕುಣಿಯುವ ಗಾಡಿಯ ಮದ್ದನ್ನು ಕೂತ ಗಾಡಿಗೆ ಕೊಡುವುದಷ್ಟೇ ನನ್ನ ತಕರಾರು.

ಇನ್ನೊಂದು ಮಾತು ಇದಕ್ಕಿಂತ ಆಳವಾಗಿ ಬೇರು ಬಿಟ್ಟಿದೆ: ವಯಸ್ಸಾದ ಸ್ಪ್ರಿಂಗ್ ಮೆತ್ತಗಾಗುತ್ತದೆ ಅನ್ನುವುದು. ಆಗುವುದಿಲ್ಲ. ಸ್ಪ್ರಿಂಗಿನ ಬಿಗಿ ನಿಂತಿರುವುದು ಉಕ್ಕಿನ ಗುಣ, ಕಂಬಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಸಂಖ್ಯೆಯ ಮೇಲೆ. ತುಕ್ಕು ತಿಂದು ಕಂಬಿ ಸವೆದಿದ್ದರೆ ಆ ಮಾತು ಬೇರೆ. ಇಲ್ಲದಿದ್ದರೆ 20 ವರ್ಷ ಕಳೆದರೂ ಇವು ಬದಲಾಗುವುದಿಲ್ಲ. ಬದಲಾಗುವುದು ಉದ್ದ. ದಿನವೂ ಮಿತಿಮೀರಿ ಹೇರಿದರೆ ಸ್ಪ್ರಿಂಗ್ ಕೊಂಚ ಕುಗ್ಗಿ ಹಾಗೇ ಉಳಿದುಬಿಡುತ್ತದೆ. ಸಂತೆಯ ಸ್ಪ್ರಿಂಗ್ ತಕ್ಕಡಿಯ ಮುಳ್ಳು ಸೊನ್ನೆಗೆ ಬಾರದೆ ಕಾಲು ಕಿಲೋದಲ್ಲಿ ನಿಂತಂತೆ ಇದು. ಅಲ್ಲಿಂದ ಮುಂದೆ ತೂಕ ಸರಿಯಾಗಿಯೇ ತೋರಿಸುತ್ತದೆ. ಹಾಗಾಗಿ ಕಳೆದ ಉದ್ದವನ್ನು ಒಂದು ಗಟ್ಟಿ ವಾಷರ್ ತುಂಬಿಕೊಡಬಲ್ಲದು. ಪೇಟೆಯ ಸರ್ವಿಸ್ ಸೆಂಟರಿನವರು ನಗುವ ಈ ಹಳ್ಳಿ ರಿಪೇರಿ ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ವಾಷರ್ ದಪ್ಪವಾದರೆ ಮಾತ್ರ ಅಪಾಯ: ಶಾಕ್ ಪೂರ್ತಿ ಇಳಿಯುವ ಮೊದಲೇ ಸುತ್ತುಗಳು ಒಂದಕ್ಕೊಂದು ಕಚ್ಚಿ ಸ್ಪ್ರಿಂಗ್ ಗಟ್ಟಿ ಕೊಳವೆಯಾಗುತ್ತದೆ, ಏಟು ನೇರ ಚಾಸಿಗೆ ಬೀಳುತ್ತದೆ.

ಶಾಕಿನ ಬುಡದ ನಾಚ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ಮಾತೂ ಹೀಗೇ. ನಾಚ್ ಮಾಡುವುದು ಆ ವಾಷರಿನ ಕೆಲಸವನ್ನೇ, ಎತ್ತರವನ್ನು ತುಸು ಎತ್ತುತ್ತದೆ ಅಷ್ಟೆ. ಸದಾ ಕೊನೆಯ ನಾಚಿನಲ್ಲಿಟ್ಟು ಒಬ್ಬನೇ ಓಡಾಡುವವನ ಚಕ್ರಕ್ಕೆ ಹಳ್ಳ ಬಂದಾಗ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಆಮೇಲೆ ರಸ್ತೆಯನ್ನು ಬಯ್ಯುತ್ತಾನೆ. (ರಸ್ತೆಯೂ ಬಯ್ಯುವ ಹಾಗೇ ಇರುತ್ತದೆ ಅನ್ನಿ.) ಸುಲಿದ ಕಾಯಿ ನೂರು ಅಂದರೂ ಅರ್ಧ ಕ್ವಿಂಟಾಲಿಗೆ ಕಮ್ಮಿಯಿಲ್ಲ, ದಿನಾ ಅಷ್ಟು ಹೇರುವವನಿಗೆ ನಿಜವಾಗಿ ಬೇಕಾದ್ದು ದಪ್ಪ ಕಂಬಿಯ ಸ್ಪ್ರಿಂಗು. ಸುರುಳಿಯ ಅಗಲ, ಸುತ್ತು ಅಷ್ಟೇ ಇದ್ದು ಕಂಬಿ 7 ಮಿ.ಮೀ.ನಿಂದ 8 ಆದರೆ ಬಿಗಿ ಸುಮಾರು ಶೇಕಡಾ 70ರಷ್ಟು ಏರುತ್ತದೆ.

ಕೂತಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ತೀರ್ಪು ಕೊಡುವುದು ಈ ಇಡೀ ತಪ್ಪಿನ ಮೂಲ. ಟೈರಿನ ಗಾಳಿ ಸರಿಮಾಡಿಕೊಂಡು, ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ನೇತಾಡುವಾಗ ಆಕ್ಸಲ್ಲಿನಿಂದ ನೇರ ಮೇಲೆ ಸೀಟಿನ ಹಿಡಿಯವರೆಗೆ ಟೇಪು ಹಿಡಿಯಿರಿ. ಗಾಡಿ ಇಳಿಸಿ, ಓಡಿಸುವವನನ್ನು ಕೂರಿಸಿ ಮತ್ತೆ ಅಳೆಯಿರಿ. ಚಕ್ರ ಒಟ್ಟು ಓಡಾಡುವ ದೂರದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಇಳಿದಿದ್ದರೆ ಗಾಡಿ ಕೂತಿಲ್ಲ. 80 ಮಿ.ಮೀ. ಓಡಾಟ ಇದೆ ಎಂದಿಟ್ಟುಕೊಳ್ಳಿ, 20ರಿಂದ 27 ಇಳಿದರೆ ಸರಿ. ಆಗ ತಗ್ಗಿರುವುದು ಬೇರೆಲ್ಲೋ: ಸೀಟಿನ ಸ್ಪಂಜು ಒಳಗೆ ಕುಸಿದಿರಬಹುದು, 3.00 ಟೈರ್ ತೆಗೆದು 2.75 ಹಾಕಿಸಿರಬಹುದು (ಅಲ್ಲೇ ಸುಮಾರು 6 ಮಿ.ಮೀ. ಹೋಯಿತು). ಕೊನೆಯ ನಾಚಿನಲ್ಲೂ ಇಳಿತ ಹೆಚ್ಚಿದ್ದರೆ ಸ್ಪ್ರಿಂಗ್ ಬಿಚ್ಚಿ ಹೊಸದರ ಪಕ್ಕ ನಿಲ್ಲಿಸಿ ನೋಡಿ. ಎಡಬಲ ಎರಡನ್ನೂ ನೋಡಿ. ಒಂದೇ ಕಡೆಗೆ ಚೀಲ ಕಟ್ಟುವ ಗಾಡಿಗಳಲ್ಲಿ ಸ್ವಿಂಗ್ ಆರ್ಮ್ ತಿರುಚಿಕೊಂಡಿರುವುದೂ ಉಂಟು. ಟೇಪ್ ಇಲ್ಲದವರಿಗೆ ಗಾಡಿಯೇ ಸುಳಿವು ಕೊಡುತ್ತದೆ: ಹಿಂದೆ ತಗ್ಗಿದರೆ ಡಬಲ್ ಸ್ಟ್ಯಾಂಡ್ ಹಾಕಲು ಹೆಚ್ಚು ಎಳೆಯಬೇಕು, ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ನೆಟ್ಟಗೆ ನಿಂತು ಬಲಕ್ಕೆ ಬೀಳುವ ಹಾಗಾಗುತ್ತದೆ, ರಾತ್ರಿ ಎದುರು ಬರುವವರು ಲೈಟ್ ಕಣ್ಣಿಗೆ ಹೊಡೆಯಿತೆಂದು ಬಯ್ಯುತ್ತಾರೆ.

ಇಷ್ಟೂ ಬಿಟ್ಟು ಕೆಲವರು ಹಿಡಿಯುವ ಅಡ್ಡದಾರಿ ಎಂದರೆ ಶಾಕಿನ ಕಾಲಿಗೆ ಕಬ್ಬಿಣದ ತುಂಡು ಜೋಡಿಸುವ ಎಕ್ಸ್‌ಟೆಂಡರ್, ಇಲ್ಲವೇ ಬೇರೆ ಗಾಡಿಯ ಉದ್ದ ಶಾಕ್. ಯೆಜ್ಡಿ ಇಟ್ಟುಕೊಂಡವರಿಗೆ ಈ ಆಸೆ ಜಾಸ್ತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಅಸಲಿ ಬಿಡಿಭಾಗ ಅಪರೂಪ, ಸಿಕ್ಕಿದ್ದು ಹಾಕಿಸುವುದೇ ರೂಢಿಯಾಗಿದೆ. ಶಾಕ್ ಓರೆಯಾಗಿ ಅಥವಾ ಆಕ್ಸಲ್ಲಿಗಿಂತ ಮುಂದೆ ಕೂತಿರುವ ಗಾಡಿಯಲ್ಲಿ ಶಾಕ್ 10 ಮಿ.ಮೀ. ಉದ್ದವಾದರೆ ಹಿಂಭಾಗ ಅದಕ್ಕಿಂತ ಹೆಚ್ಚೇ ಏಳುತ್ತದೆ. ಮುಂದಿನ ಫೋರ್ಕು ನೆಟ್ಟಗಾಗಿ ಹ್ಯಾಂಡಲ್ ಚಂಚಲವಾಗುತ್ತದೆ, ಚೈನು ಸ್ವಿಂಗ್ ಆರ್ಮಿಗೆ ಉಜ್ಜುತ್ತದೆ, ಡಬಲ್ ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲ ಬಿಡುವುದಿಲ್ಲ. ಕುಸಿದ ಸ್ಪ್ರಿಂಗು ಕುಸಿದೇ ಇರುತ್ತದೆ.

ಜೊತೆ ಶಾಕಿಗೆ ದುಡ್ಡು ಕೊಡುವ ಮೊದಲು ಟೇಪು ಹಿಡಿಯಲು ಮೆಕ್ಯಾನಿಕ್‌ಗೆ ಹೇಳಿ. ಎಕ್ಸ್‌ಟೆಂಡರ್ ಈಗಾಗಲೇ ಹಾಕಿಸಿದ್ದರೆ ಇವತ್ತೇ ಬಿಚ್ಚಿಸಿ, ಚೈನಿನ ಬಿಗಿಯನ್ನು ಹೊಸದಾಗಿ ಸರಿಮಾಡಿಸಿಕೊಳ್ಳಿ.