ಲಿಟಲ್‌ಚೈಲ್ಡರ ದೂರವಾಣಿ ವರದಿ: ಒಂದು ವಿಮರ್ಶೆ

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಸ್ಟೀಫನ್ ಲಿಟಲ್‌ಚೈಲ್ಡರು 1983ರಲ್ಲಿ ತಮ್ಮ ಸರ್ಕಾರಕ್ಕೆ ಒಪ್ಪಿಸಿದ ವರದಿಯು, ಖಾಸಗಿಯವರ ಕೈಸೇರಲಿದ್ದ ಬ್ರಿಟಿಷ್ ಟೆಲಿಕಾಂ ಸಂಸ್ಥೆಯ ದರನಿಯಂತ್ರಣವನ್ನು ಕುರಿತದ್ದು. ಲಾಭಕ್ಕೆ ಮಿತಿಯಿಡುವ ಅಮೆರಿಕದ ಪದ್ಧತಿಯಲ್ಲಿ ವೆಚ್ಚವನ್ನು ತಗ್ಗಿಸುವ ಪ್ರೇರಣೆ ಸಾಲದೆಂದು ಅವರು ಅದನ್ನು ನಿರಾಕರಿಸಿದರು. ಬದಲಾಗಿ, ದರಗಳ ಏರಿಕೆಯು ಚಿಲ್ಲರೆ ಬೆಲೆ ಸೂಚ್ಯಂಕದ ಏರಿಕೆಗಿಂತ ಗೊತ್ತಾದ ಪ್ರಮಾಣದಷ್ಟು ಕಡಿಮೆಯಿರಬೇಕೆಂದು ಸೂಚಿಸಿದರು. 1984ರಲ್ಲಿ ಈ ಪ್ರಮಾಣವು ಶೇಕಡ 3 ಎಂದು ನಿಶ್ಚಯವಾಯಿತು.

ಸೂತ್ರದ ಸರಳತೆ ಮೆಚ್ಚತಕ್ಕದ್ದೇ. ಆದರೆ ಪ್ರಮಾಣವೆಷ್ಟೆಂಬುದನ್ನು ಸೂತ್ರವು ತಾನಾಗಿ ಹೇಳಲಾರದು. 1989ರಲ್ಲಿ ಅದನ್ನು 4.5ಕ್ಕೂ 1991ರಲ್ಲಿ 6.25ಕ್ಕೂ ಏರಿಸುವಾಗ ನಿಯಂತ್ರಕರು ಸಂಸ್ಥೆಯ ಲಾಭವನ್ನು ನೋಡದೆ ಗತ್ಯಂತರವಿರಲಿಲ್ಲ. ನಿರಾಕರಿಸಿದ ಪದ್ಧತಿಯೇ ಬೇರೊಂದು ಹೆಸರಿನಿಂದ ಮರಳಿತು.

ಆದರೂ ದೋಷವನ್ನೆಲ್ಲ ವರದಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಲಿಟಲ್‌ಚೈಲ್ಡರಿಗೆ ಈ ಸೂತ್ರವು ಸ್ಪರ್ಧೆ ಬೇರೂರುವ ತನಕದ ತಾತ್ಕಾಲಿಕ ಏರ್ಪಾಡು ಮಾತ್ರವಾಗಿತ್ತು. ಸರ್ಕಾರವು ಸೂತ್ರವನ್ನು ಸ್ವೀಕರಿಸಿತು, ಸ್ಪರ್ಧೆಯನ್ನು ಮುಂದೂಡಿತು. ಮರ್ಕ್ಯುರಿ ಎಂಬ ಒಂದೇ ಸಂಸ್ಥೆಯ ಹೊರತು ಬೇರೆ ಯಾರಿಗೂ ರಾಷ್ಟ್ರವ್ಯಾಪಿ ಸ್ಥಿರ ದೂರವಾಣಿ ಜಾಲದ ಪರವಾನಗಿ ಕೊಡುವುದಿಲ್ಲವೆಂದು ಅದೇ 1983ರಲ್ಲಿ ಏಳು ವರ್ಷಗಳ ಅವಧಿಗೆ ಮಾತುಕೊಟ್ಟಿತು. ಬಳಕೆದಾರರ ದರನಿಯಂತ್ರಣ ಕೊನೆಗಂಡದ್ದು 2006ರಲ್ಲಿ. ಅರ್ಥಶಾಸ್ತ್ರಜ್ಞನ ಪಾತ್ರವನ್ನು ಅಳೆಯುವ ಇತಿಹಾಸಕಾರನು ಸರ್ಕಾರವು ಪಡೆದ ಸಲಹೆಯನ್ನಷ್ಟೇ ಅಲ್ಲ, ಬಿಟ್ಟ ಸಲಹೆಯನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು.