ಹತ್ತು ಸಾವಿರದಲ್ಲಿ ಎಂಟು

2002ರ ಜುಲೈ 9. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಾನು ನಡೆಸುತ್ತಿದ್ದ ಒಂದು ದೊಡ್ಡ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿರುವುದಾಗಿ ಪ್ರಕಟಿಸಿತು. ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಆ ಅಧ್ಯಯನದಲ್ಲಿ ಮುಟ್ಟು ನಿಂತ 16,608 ಮಹಿಳೆಯರಿದ್ದರು. ಅರ್ಧದಷ್ಟು ಮಂದಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಎಂಟೂವರೆ ವರ್ಷ ನಡೆಯಬೇಕಿದ್ದ ಪ್ರಯೋಗ ಸರಾಸರಿ 5.2 ವರ್ಷಕ್ಕೇ ಮುಗಿಯಿತು. ಹಾರ್ಮೋನ್ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚು ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು. ಬರೆದುಕೊಡುತ್ತಿದ್ದ ವೈದ್ಯರೂ ಕೈ ಹಿಂದೆ ತೆಗೆದರು.

ಆ ಶೇ 26 ಅಂದರೆ ಎಷ್ಟು? ಹುಸಿ ಮಾತ್ರೆ ತೆಗೆದುಕೊಂಡ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನ್ ಪಡೆದ ಅಷ್ಟೇ ಮಂದಿಯಲ್ಲಿ 38 ಮಂದಿಗೆ ಬಂತು. ವ್ಯತ್ಯಾಸ ಎಂಟು. ಪಾರ್ಶ್ವವಾಯು ಎಂಟು, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸೇರಿದ ಪ್ರಕರಣ ಎಂಟು, ಹೃದಯಾಘಾತದಂಥವು ಏಳು ಹೆಚ್ಚಾದವು. ಅದೇ ಲೆಕ್ಕದಲ್ಲಿ ಸೊಂಟದ ಮೂಳೆ ಮುರಿತ ಐದು, ದೊಡ್ಡ ಕರುಳಿನ ಕ್ಯಾನ್ಸರ್ ಆರು ಕಡಿಮೆಯಾದವು. ಈ ಎಲ್ಲ ಅಂಕಿಗಳೂ ಒಂದೇ ವರದಿಯಲ್ಲಿದ್ದವು. ಜನರ ಮನಸ್ಸಿನಲ್ಲಿ ನಿಂತದ್ದು ಶೇ 26 ಮಾತ್ರ.

ಹಾಗೆಂದು ಆ ಅಧ್ಯಯನವನ್ನು ತಪ್ಪೆಂದು ತಳ್ಳಿಹಾಕಲಾಗದು. ಅದು ನಡೆಯಲೇಬೇಕಿತ್ತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್‌ನ ‘ಪ್ರೆಮಾರಿನ್’ ಮಾತ್ರೆ 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ‘ಫೆಮಿನಿನ್ ಫಾರೆವರ್’ ಪುಸ್ತಕ ಬರೆದು, ಮುಟ್ಟು ನಿಲ್ಲುವುದನ್ನು ಹಾರ್ಮೋನ್ ಕೊರತೆಯ ಕಾಯಿಲೆಯೆಂದೇ ಸಾರಿದ. 1975ರಲ್ಲಿ ಬರೀ ಈಸ್ಟ್ರೋಜನ್ ಸೇವನೆಗೂ ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೂ ನಂಟಿದೆ ಎಂದು ಗೊತ್ತಾದ ಮೇಲೆ ಅದರ ಜೊತೆಗೆ ಪ್ರೊಜೆಸ್ಟಿನ್ ಸೇರಿತು. ಆಮೇಲೆ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆಯಲ್ಲಿ, ಯಾವ ತೊಂದರೆಯೂ ಇಲ್ಲದ ವಯಸ್ಸಾದ ಮಹಿಳೆಯರಿಗೂ ಮಾತ್ರೆ ಹೋಗತೊಡಗಿತು. ಆ ನಂಬಿಕೆಗೆ ಗಟ್ಟಿ ಪುರಾವೆ ಇಲ್ಲವೆಂದು ತೋರಿಸಿದ್ದು ಇದೇ ಅಧ್ಯಯನ. ಆ ಉಪಕಾರ ದೊಡ್ಡದು.

ಎಡವಿದ್ದು ಅದನ್ನು ಓದುವಾಗ. ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮೂರರಲ್ಲಿ ಎರಡು ಪಾಲು ಮಂದಿ ಅರವತ್ತು ದಾಟಿದವರು. ಸಾರಿಗೆ ಒಗ್ಗರಣೆ ಹಾಕುತ್ತ ನಿಂತಾಗಲೇ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಝಳ ಏರಿ, ಸೆರಗಿನಲ್ಲಿ ಬೆವರು ಒರೆಸಿಕೊಂಡು ಎರಡೇ ನಿಮಿಷಕ್ಕೆ ಚಳಿ ಹಿಡಿದಂತಾಗುವ, ರಾತ್ರಿ ನಾಲ್ಕು ಸಲ ಒದ್ದೆ ರವಿಕೆಯಲ್ಲಿ ಎದ್ದು ಕೂರುವ ನಲವತ್ತೆಂಟರ ಹೆಂಗಸು ಆ ಪ್ರಯೋಗದ ಮಾದರಿಯಾಗಿರಲಿಲ್ಲ. ಭಾರತದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ಕ್ಕೇ. ಅರವತ್ತಮೂರರ ಅಂಕಿಯಿಂದ ಇವಳನ್ನು ಹೆದರಿಸುವುದು ಅಳತೆ ತಪ್ಪಿದ ಮಾತು. 2007ರಲ್ಲಿ ಅದೇ ಸಂಶೋಧಕರು ವಯಸ್ಸಿನ ಪ್ರಕಾರ ಮತ್ತೆ ಲೆಕ್ಕ ಹಾಕಿದಾಗ, ಮುಟ್ಟು ನಿಂತ ಹತ್ತು ವರ್ಷದೊಳಗೆ ಹಾರ್ಮೋನ್ ಶುರು ಮಾಡಿದವರಲ್ಲಿ ಹೃದ್ರೋಗ ಹೆಚ್ಚಿದ್ದು ಕಾಣಲಿಲ್ಲ. 2017ರಲ್ಲಿ ಹದಿನೆಂಟು ವರ್ಷಗಳ ಲೆಕ್ಕ ತೆಗೆದರೆ, ಹಾರ್ಮೋನ್ ಪಡೆದವರಲ್ಲಿ ಒಟ್ಟು ಸಾವು ಹೆಚ್ಚಾಗಿರಲಿಲ್ಲ.

ಎರಡನೆಯ ಎಡವಟ್ಟು, ಒಂದು ಮಾತ್ರೆಯ ಫಲಿತಾಂಶವನ್ನು ಎಲ್ಲ ಹಾರ್ಮೋನ್‌ಗಳ ತಲೆಗೆ ಕಟ್ಟಿದ್ದು. ಗರ್ಭಕೋಶ ತೆಗೆಸಿಕೊಂಡ 10,739 ಮಹಿಳೆಯರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಪ್ರಯೋಗ 2004ರಲ್ಲಿ ನಿಂತಿತು. ಕಾರಣ ಪಾರ್ಶ್ವವಾಯು. ಅಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಮುಂದಿನ ವರ್ಷಗಳ ಲೆಕ್ಕದಲ್ಲಿ ಕಡಿಮೆಯೇ ಆಯಿತು. ಇನ್ನು ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತನ್ನು ಹೊಕ್ಕು, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕೆರಳಿಸುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್ ನೇರ ರಕ್ತಕ್ಕೆ ಸೇರುತ್ತದೆ. ಫ್ರಾನ್ಸ್‌ನಲ್ಲಿ ನಡೆದ ‘ಎಸ್ತರ್’ ಅಧ್ಯಯನದಲ್ಲಿ ಮಾತ್ರೆ ನುಂಗಿದವರಿಗೆ ಹೆಪ್ಪಿನ ಅಪಾಯ ಹೆಚ್ಚಿತು, ಪಟ್ಟಿ ಅಂಟಿಸಿಕೊಂಡವರಿಗೆ ಹೆಚ್ಚಲಿಲ್ಲ.

ಆದರೆ ಭಯ ಇಳಿಸುವ ಭರದಲ್ಲಿ ಅಡ್ಡಪರಿಣಾಮಗಳನ್ನೇ ಮರೆಸುವುದು ಇನ್ನೊಂದು ಅನ್ಯಾಯ. 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಐವತ್ತರಲ್ಲಿ ಶುರು ಮಾಡಿ ಐದು ವರ್ಷ ದಿನವೂ ಎರಡೂ ಹಾರ್ಮೋನ್ ಸೇವಿಸಿದರೆ, ಶುರು ಮಾಡಿದಂದಿನಿಂದ ಇಪ್ಪತ್ತು ವರ್ಷದಲ್ಲಿ ಪ್ರತಿ 50 ಮಂದಿಗೆ ಒಬ್ಬರಂತೆ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ. ಬರೀ ಈಸ್ಟ್ರೋಜನ್ ಆದರೆ 200ಕ್ಕೆ ಒಬ್ಬರು. ಈ ಅಂಕಿ ಮೇಲಿನ ಪ್ರಯೋಗದ ಅಂಕಿಗೆ ಪೂರ್ತಿ ಹೊಂದುವುದಿಲ್ಲ. ಆದರೂ ಎರಡು ಹಾರ್ಮೋನ್ ಕೂಡಿದಾಗ ಅಪಾಯ ಹೆಚ್ಚು ಎಂಬಲ್ಲಿ ಎರಡೂ ಒಂದೇ ಮಾತು ಹೇಳುತ್ತವೆ. ಅರವತ್ತೈದು ದಾಟಿದ ಮೇಲೆ ಈ ಜೋಡಿ ಮಾತ್ರೆ ಪಡೆದವರಲ್ಲಿ ಮರೆವಿನ ಕಾಯಿಲೆ ಹೆಚ್ಚು ಕಂಡಿದ್ದೂ ನಿಜ. ಸ್ತನಗಳ ನೋವು, ಹೊಟ್ಟೆ ಉಬ್ಬರ, ತಲೆನೋವು, ವಾಕರಿಕೆ, ನಡುನಡುವೆ ರಕ್ತಸ್ರಾವದಂಥವು ಮೊದಲ ಮೂರು ತಿಂಗಳಲ್ಲಿ ಅನೇಕರನ್ನು ಕಾಡುತ್ತವೆ. ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ಇಳಿಯದಿದ್ದರೆ ಪ್ರಮಾಣವನ್ನೋ ಬಗೆಯನ್ನೋ ಬದಲಿಸಬೇಕಾಗುತ್ತದೆ.

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಈ ಔಷಧಗಳ ಮೇಲಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆವಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಚರ್ಮಕ್ಕೆ ಹಚ್ಚುವುದಕ್ಕೂ ನುಂಗುವುದಕ್ಕೂ ಒಂದೇ ಎಚ್ಚರಿಕೆ ಅಂಟಿಸಿದ್ದು ಸರಿಯಿರಲಿಲ್ಲ, ನಿಜ. ಆದರೆ ಚೌಕಟ್ಟು ಹೋದ ಮಾತ್ರಕ್ಕೆ ಅಪಾಯ ಹೋಗಲಿಲ್ಲ. 1966ರ ಹುರುಪು ಮರಳಿದರೆ ಪಾಠ ಕಲಿತದ್ದು ವ್ಯರ್ಥ.

ಕರ್ನಾಟಕಕ್ಕೆ ಈ ಚರ್ಚೆ ಬೇರೊಂದು ದಾರಿಯಿಂದ ಬರುತ್ತದೆ. ಕಲಬುರಗಿಯ ಲಂಬಾಣಿ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ಪ್ರಕರಣಗಳು ಬೆಳಕಿಗೆ ಬಂದು ಹೋರಾಟ ನಡೆದದ್ದು ನೆನಪಿರಬಹುದು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಎಲ್ಲ ಬಾಧೆಯೂ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಕುತ್ತು. ಇಂಥವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂದೇ ಮಾರ್ಗಸೂಚಿಗಳು ಹೇಳುತ್ತವೆ. 2002ರ ಅಂಕಿ ಇವರದ್ದಲ್ಲ. ಚಿಕಿತ್ಸೆ ಎಲ್ಲರಿಗಿಂತ ಹೆಚ್ಚು ಬೇಕಾದವರಿಗೇ ಅದರ ಹೆಸರೂ ಗೊತ್ತಿಲ್ಲದಿರುವುದು ನಮ್ಮ ಆರೋಗ್ಯ ವ್ಯವಸ್ಥೆಯ ಸೋಲು.

ಈ ಚಿಕಿತ್ಸೆ ವಯಸ್ಸು ತಡೆಯುವ ಟಾನಿಕ್ ಅಲ್ಲ. ತಡೆಯಲಾರದ ಝಳಕ್ಕೆ, ನಿದ್ದೆಗೆಟ್ಟ ರಾತ್ರಿಗಳಿಗೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧ ಇಂದಿಗೂ ಬಂದಿಲ್ಲ. ಸ್ತನ ಕ್ಯಾನ್ಸರ್ ಬಂದಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆಯವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಉಳಿದವರು ಚೀಟಿ ಬರೆಸಿಕೊಳ್ಳುವ ಮುನ್ನ ಕೇಳಿ: ನನ್ನ ವಯಸ್ಸಿಗೆ ಅಪಾಯ ಎಷ್ಟು, ಮಾತ್ರೆಯೋ ಪಟ್ಟಿಯೋ, ಪ್ರೊಜೆಸ್ಟಿನ್ ಬೇಕೇ, ಎಷ್ಟು ವರ್ಷ? ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಹಾರ್ಮೋನ್ ತೆಗೆದುಕೊಳ್ಳುತ್ತಿರಲಿ ಬಿಡಲಿ, ನಾಚಿಕೆಪಟ್ಟು ಮುಚ್ಚಿಡದೆ ಅದೇ ವಾರ ಸ್ತ್ರೀರೋಗ ತಜ್ಞರಿಗೆ ತೋರಿಸಿ.