ಸೋಲ್ಡರ್ ತಂತಿಗೆ ತಾಗದ ನಿಯಮ

ಬೀದರ್ ಕಡೆಯ ಮನ್ನಳ್ಳಿಯ ರಿಪೇರಿ ಅಂಗಡಿಯೊಂದರಲ್ಲಿ ನಮ್ಮ ಮನೆಯ ಇನ್ವರ್ಟರ್ ಬಿಚ್ಚಿಕೊಂಡು ಕೂತಿತ್ತು. ಹುಡುಗನ ಒಂದು ಕೈಯಲ್ಲಿ ಬೋರ್ಡು, ಇನ್ನೊಂದು ಕೈಯಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ. ತಂತಿ ಹಿಡಿಯಲು ಮೂರನೆಯ ಕೈ ಇಲ್ಲದ್ದಕ್ಕೆ ಅದನ್ನು ಹಲ್ಲಲ್ಲಿ ಕಚ್ಚಿದ್ದ. ಯಾವ ತಂತಿ ಎಂದು ಕೇಳಿದೆ. “ಅರವತ್ತು-ನಲವತ್ತರದು ನೋಡ್ರಿ ಸರ್, ಜಲ್ದಿ ಕರಗತದ, ಛಲೋ ಹಿಡಿತದ” ಎಂದ. ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಮಿಶ್ರಣ 190 ಡಿಗ್ರಿ ಮುಟ್ಟುವುದರೊಳಗೆ ಕರಗುತ್ತದೆ. ತವರ, ಬೆಳ್ಳಿ, ತಾಮ್ರ ಸೇರಿಸಿದ ಸೀಸರಹಿತ ತಂತಿಗೆ ಸುಮಾರು 217 ಡಿಗ್ರಿ ಬೇಕು.

ವಿದ್ಯುತ್ ಉಪಕರಣಗಳೊಳಗಿನ ವಿಷವಸ್ತುಗಳಿಗೆ ನಮ್ಮ ದೇಶದಲ್ಲಿ ನಿಯಮ ಇಲ್ಲವೆಂದಲ್ಲ. 2011ರ ಇ-ತ್ಯಾಜ್ಯ ನಿಯಮಗಳಲ್ಲೇ ಅದಿತ್ತು. ಆ ಭಾಗ 2014ರ ಮೇ 1ರಿಂದ ಜಾರಿಗೆ ಬಂತು. 2016ರ ನಿಯಮಗಳೂ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮಗಳೂ ಅದನ್ನು ಉಳಿಸಿಕೊಂಡಿವೆ. ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ, ಬೆಂಕಿ ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳು ತೂಕದಲ್ಲಿ ಶೇ. 0.1 ದಾಟಬಾರದು. ಕ್ಯಾಡ್ಮಿಯಂಗೆ ಮಿತಿ ಇನ್ನೂ ಬಿಗಿ, ಶೇ. 0.01.

ಇಲ್ಲಿ ತೂಕ ಯಾವುದರದು ಎಂಬುದೇ ಈ ನಿಯಮದ ಜೀವಾಳ. ಬೀದರಿನವರಿಗೆ ಅದನ್ನು ಬಿದರಿ ಹೂದಾನಿ ಇಟ್ಟು ವಿವರಿಸಬಹುದು. ಅದರ ಒಡಲು ಸತು ಮತ್ತು ತಾಮ್ರದ ಮಿಶ್ರಣ, ಮೇಲೆ ಕೂರಿಸಿದ್ದು ಬೆಳ್ಳಿಯ ಎಳೆ. ಹೂದಾನಿಯನ್ನು ಇಡಿಯಾಗಿ ತಕ್ಕಡಿಗೆ ಹಾಕಿದರೆ ಬೆಳ್ಳಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಎಳೆಯನ್ನು ಬಿಡಿಸಿ ತೂಗಿದರೆ ಅದು ಬೆಳ್ಳಿಯೇ. ನಿಯಮ ಕೇಳುವುದೂ ಹೀಗೆಯೇ: ಒಂದೇ ಬಗೆಯ ವಸ್ತು ಎನ್ನುವಷ್ಟರ ಮಟ್ಟಿಗೆ ಬಿಡಿಸಿದ ಪ್ರತಿಯೊಂದು ಭಾಗದಲ್ಲೂ ಮಿತಿ ಪಾಲನೆಯಾಗಬೇಕು. ಟಿ.ವಿ.ಯ ಒಟ್ಟು ಭಾರದ ಹಿಂದೆ ಬೆಸುಗೆಯ ಒಂದು ಹನಿ ಸೀಸ ಅಡಗಿಕೊಳ್ಳಲಾಗದು. ಇದನ್ನು ಬರೆದವರಿಗೆ ವಸ್ತುವಿನ ಒಳಗು ಗೊತ್ತಿತ್ತು. ಈ ಜಾಣ್ಮೆಗೆ ನನ್ನ ಪೂರ್ಣ ಮೆಚ್ಚುಗೆಯಿದೆ.

ಆದರೆ ನಿಯಮದ ಕಣ್ಣು ಉಪಕರಣ ಕಾರ್ಖಾನೆಯಿಂದ ಹೊರಬೀಳುವ ದಿನದ ಮೇಲಷ್ಟೇ ಇದೆ. ಮಾದರಿ ತೆಗೆದು ಪರೀಕ್ಷಿಸುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ, ತಪ್ಪಿದರೆ ಸರಕು ವಾಪಸ್ ಪಡೆಯಬೇಕಾದ್ದು ಉತ್ಪಾದಕ. ಮನ್ನಳ್ಳಿಯಂಥ ಊರಲ್ಲಿ ಉಪಕರಣದ ಆಯುಷ್ಯ ಶುರುವಾಗುವುದೇ ಆಮೇಲೆ. ಅಣ್ಣ ಬಿಟ್ಟ ಮೊಬೈಲು ತಮ್ಮನಿಗೆ, ಪೇಟೆಯವರು ಮಾರಿದ ಟಿ.ವಿ. ಹಳ್ಳಿಗೆ, ಒಂದೊಂದೂ ನಾಲ್ಕಾರು ಸಲ ರಿಪೇರಿ ಕಾಣುತ್ತದೆ. ಸೀಸರಹಿತವಾಗಿ ಹುಟ್ಟಿದ ಬೋರ್ಡಿಗೆ ಮೊದಲ ರಿಪೇರಿಯಲ್ಲೇ ಸೀಸ ಹತ್ತುತ್ತದೆ. ಸೋಲ್ಡರ್ ತಂತಿ ನಿಯಮದ ಪಟ್ಟಿಯಲ್ಲಿರುವ ಉಪಕರಣವಲ್ಲ, ಆದ್ದರಿಂದ ಅದರ ಸುರುಳಿ ಈ ನಿಯಮಕ್ಕೆ ಸಿಗುವುದಿಲ್ಲ. ಇಂಥ ಅಂಗಡಿಗಳೂ ಸಿಗುವುದಿಲ್ಲ, ಕಿರು ಉದ್ಯಮಗಳನ್ನು ನಿಯಮವೇ ಹೊರಗಿಟ್ಟಿದೆ. ಸಣ್ಣವರ ಮೇಲೆ ಕಾಗದಪತ್ರದ ಹೊರೆ ಬೀಳದಿರಲಿ ಎಂಬ ಕಾಳಜಿ ಸರಿಯೇ. ಆದರೆ ಹೊರೆಯ ಜೊತೆಗೆ ರಕ್ಷಣೆಯನ್ನೂ ಕಿತ್ತುಕೊಂಡಂತಾಗಿದೆ.

ಸೀಸ ಮೈಗೆ ಸೇರುವ ದಾರಿಯ ಬಗ್ಗೆ ಒಂದು ಮಾತು. ಬೆಸುಗೆಯಿಂದ ಏಳುವ ಹೊಗೆ ಬಹುಪಾಲು ತಂತಿಯೊಳಗಿನ ರಾಳದ್ದು. ಅದು ಉಸಿರಾಟಕ್ಕೆ ಕೆಟ್ಟದ್ದು ನಿಜ, ಆದರೆ ಅಷ್ಟು ಬಿಸಿಗೆ ಸೀಸ ಆವಿಯಾಗುವುದು ತೀರಾ ಕಡಿಮೆ. ಅದು ಬೆರಳಿಗೆ ಅಂಟಿ, ರೊಟ್ಟಿ ಮುರಿಯುವಾಗ ಬಾಯಿಗೆ ಹೋಗುತ್ತದೆ. ಅಂಗಿಯ ಮೇಲೆ ಕೂತು ಮನೆಗೆ, ಮಗುವಿನ ಹತ್ತಿರಕ್ಕೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ತಾಗಿದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ಜೀವರಸಾಯನ ತಜ್ಞ ತುಪ್ಪಿಲ್ ವೆಂಕಟೇಶ್ 1990ರ ದಶಕದಲ್ಲಿ ನಗರಗಳ ಮಕ್ಕಳ ರಕ್ತದಲ್ಲಿ ಸೀಸ ಅಳೆದು ಎಚ್ಚರಿಸಿದವರು. 2000ದಲ್ಲಿ ಸೀಸದ ಪೆಟ್ರೋಲು ದೇಶದಿಂದಲೇ ಹೋಯಿತು. ಅಲ್ಲಿ ಬಳಸುವವರನ್ನು ಹಿಡಿಯಲು ಹೋಗಲಿಲ್ಲ, ಬಂಕಿಗೆ ಬರುವ ಸರಕನ್ನೇ ಬದಲಿಸಿದರು. ಸೋಲ್ಡರಿಗೆ ಈ ದಾರಿ ಯಾಕೆ ಹೊಳೆಯಲಿಲ್ಲ?

ಇನ್ನೊಂದು ಕೊರತೆಯಿದೆ. 2006ರ ಜುಲೈನಲ್ಲಿ ಇದೇ ಆರು ವಸ್ತುಗಳಿಂದ ಹೊರಟ ಯುರೋಪು, 2019ರಲ್ಲಿ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ನಾಲ್ಕು ಥ್ಯಾಲೇಟ್‌ಗಳನ್ನೂ ಸೇರಿಸಿಕೊಂಡಿತು. ನಮ್ಮ ಪಟ್ಟಿ ಆರಕ್ಕೇ ನಿಂತಿದೆ. ವೈರುಗಳ ಪಿ.ವಿ.ಸಿ. ಹೊದಿಕೆಗೆ ಇಂಥವನ್ನೇ ಬೆರೆಸುವುದು. ಗುಜರಿಗೆ ಹಾಕುವ ಮುನ್ನ ತಾಮ್ರಕ್ಕಾಗಿ ಬಯಲಲ್ಲಿ ಸುಡುವುದೂ ಆ ವೈರುಗಳನ್ನೇ, ಆಗ ಡಯಾಕ್ಸಿನ್ ಎಂಬ ವಿಷ ಏಳುತ್ತದೆ.

ವಸ್ತುಗಳ ವಿವರವನ್ನು ಉಪಕರಣದ ಜೊತೆಗಿನ ಪುಸ್ತಿಕೆಯಲ್ಲಿ ಕೊಡಬೇಕೆಂದು ನಿಯಮ ಹೇಳುತ್ತದೆ. ನಮ್ಮ ಇನ್ವರ್ಟರಿನ ಪುಸ್ತಿಕೆ ಹುಡುಕಿ ತೆಗೆದೆ. ಆ ಸಾಲು ಇತ್ತು, ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ. ಅಂಗಡಿಯ ಹುಡುಗನ ಕೈಯಲ್ಲಿ ದಿನವಿಡೀ ಇರುವುದು ಪುಸ್ತಿಕೆಯಲ್ಲ, ತಂತಿಯ ಸುರುಳಿ. ಆ ಸುರುಳಿಯ ಮೇಲೆ ದಪ್ಪಕ್ಷರದ ಕನ್ನಡ ಬೇಕು: ಇದರಲ್ಲಿ ಸೀಸವಿದೆ, ಬಾಯಲ್ಲಿ ಕಚ್ಚಬೇಡಿ, ಸೋಪು ಹಚ್ಚಿ ಕೈ ತೊಳೆಯದೆ ಉಣ್ಣಬೇಡಿ. ಅದರ ಪಕ್ಕದಲ್ಲೇ, ಅದೇ ಬೆಲೆಗೆ, ಸೀಸವಿಲ್ಲದ ಸುರುಳಿಯೂ ಬೀದರಿನ ಅಂಗಡಿಗಳಲ್ಲಿ ಸಿಗಬೇಕು.